ಶಾಲೆಗೆ ನಡೆದು ಹೋಗುವ ದಾರಿ: ಮನವಿಯಲ್ಲಿ ಏನೇನು ಕೇಳಬೇಕು?

ಸಮಿತಿಯವಳು

ಎಲ್ಲರಿಗೂ ನಮಸ್ಕಾರ. ಮಕ್ಕಳು ಶಾಲೆಗೆ ನಡೆದು ಬರುವ ದಾರಿಯನ್ನು ಸರಿಪಡಿಸಿಕೊಡಿ ಎಂದು ಸ್ಥಳೀಯ ಆಡಳಿತಕ್ಕೆ ಮನವಿ ಕೊಡಲು ನಮ್ಮ ಪೋಷಕರ ಸಮಿತಿ ತೀರ್ಮಾನಿಸಿದೆ. ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆದದ್ದು ನನಗೇ ಸಮಾಧಾನ ತಂದಿಲ್ಲ, ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ.

ಸ್ಥಳ ಹೀಗಿದೆ. ಶಾಲೆಯ ಮುಂದೆ ನಾಲ್ಕು ಪಥದ ರಸ್ತೆ. ಇರುವ ಒಂದೇ ಗೇಟು ಅದಕ್ಕೇ ತೆರೆದುಕೊಳ್ಳುತ್ತದೆ. ಶಾಲೆಯ ಬೆನ್ನಿಗೆ ಒಂದು ಬಡಾವಣೆಯಿದೆ, ಬಹುಪಾಲು ಮಕ್ಕಳು ಅಲ್ಲಿಯವರೇ. ಮುಖ್ಯರಸ್ತೆಯ ಆಚೆ ಇನ್ನೊಂದು ಬಡಾವಣೆ. ಬೆಲ್ ಹೊಡೆಯುವ ಹೊತ್ತಿಗೆ ಗೇಟಿನೆದುರು ಕಾಲಿಡಲು ಜಾಗವಿರುವುದಿಲ್ಲ. ಕಾರುಗಳು ಎರಡು ಸಾಲಿನಲ್ಲಿ ನಿಂತಿರುತ್ತವೆ, ವ್ಯಾನುಗಳು ಹಿಂದಕ್ಕೆ ಬಂದು ತಿರುಗುತ್ತವೆ, ಅವುಗಳ ಸಂದಿಯಲ್ಲಿ ಚೀಲ ಹೊತ್ತ ಮಕ್ಕಳು ನುಸುಳುತ್ತಾರೆ.

ಕರಡಿನಲ್ಲಿ ಸದ್ಯಕ್ಕೆ ನಾಲ್ಕು ಬೇಡಿಕೆಗಳಿವೆ: ಗೇಟಿನೆದುರು ಜೀಬ್ರಾ ಪಟ್ಟಿ, ‘ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ’ ಎಂಬ ಫಲಕ, ಒಂದು ಪಾದಚಾರಿ ಮೇಲ್ಸೇತುವೆ ಮತ್ತು ಮಕ್ಕಳಿಗೆ ರಸ್ತೆ ಸುರಕ್ಷತೆಯ ಪಾಠ. ಇಷ್ಟು ಸಾಕೇ?

ರಸ್ತೆ ಕೆಲಸದವನು

ಸಾಲದು. ನಾಲ್ಕರಲ್ಲಿ ಒಂದೂ ವೇಗವನ್ನು ಮುಟ್ಟುವುದಿಲ್ಲ. ರಸ್ತೆ ವಿನ್ಯಾಸ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುತ್ತಿರುವ ಚಾಲಕ ಮಗುವನ್ನು ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡು ತೆಗೆದುಕೊಂಡ ಎಂದುಕೊಳ್ಳಿ. ಅಷ್ಟರಲ್ಲಿ ಕಾರು 8 ಮೀಟರ್ ಮುಂದೆ ಬಂದಿರುತ್ತದೆ. ಒಣಗಿದ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 5 ಮೀಟರ್. ಒಟ್ಟು 13. ಅದೇ ಚಾಲಕ 50ರ ವೇಗದಲ್ಲಿದ್ದರೆ ಮೊದಲ ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಕಳೆದುಹೋಗುತ್ತದೆ, ನಿಲ್ಲಲು ಮತ್ತೆ 14 ಬೇಕು. ಅಂದರೆ 30ರ ಕಾರು ಪೂರ್ತಿ ನಿಂತುಬಿಟ್ಟಿರುವ ಜಾಗದಲ್ಲಿ 50ರ ಕಾರಿನ ಚಾಲಕ ಬ್ರೇಕಿನ ಮೇಲೆ ಕಾಲನ್ನೇ ಇಟ್ಟಿರುವುದಿಲ್ಲ. ಗುದ್ದುವ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30ರಿಂದ 50ಕ್ಕೆ ಹೋದರೆ ಅದು ಎರಡೂಮುಕ್ಕಾಲು ಪಟ್ಟು. 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನದ ಘೋಷಣೆ, ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ 30ರ ಮಿತಿ ಇರಲಿ ಎಂದದ್ದು ಈ ಲೆಕ್ಕ ನೋಡಿಯೇ.

ಇನ್ನು ಫಲಕ. ಅಗಲವಾದ, ನೇರವಾದ, ನುಣುಪಾದ ರಸ್ತೆ ಚಾಲಕನಿಗೆ ‘ಓಡಿಸು’ ಎನ್ನುತ್ತದೆ. ಪಕ್ಕದ ಫಲಕ ‘ಬೇಡ’ ಎನ್ನುತ್ತದೆ. ಚಾಲಕ ಕೇಳುವುದು ರಸ್ತೆಯ ಮಾತನ್ನು. ವೇಗ ಇಳಿಸಬೇಕಾದರೆ ಪಥಗಳನ್ನು ಕಿರಿದಾಗಿಸಿ, ತಿರುವಿನ ಮೂಲೆಗಳನ್ನು ಬಿಗಿಯಾಗಿಸಿ, ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ. ಉಬ್ಬು ಹಾಕುವುದಾದರೆ ಅಳತೆಗೆ ಸರಿಯಾಗಿ ಹಾಕಿಸಿ: 10 ಸೆಂ.ಮೀ. ಎತ್ತರ, 3.7 ಮೀಟರ್ ಉದ್ದದ ದುಂಡನೆಯ ಉಬ್ಬು ಬಹುಕಾಲದಿಂದ ಬಳಕೆಯಲ್ಲಿದೆ. ರಾತ್ರೋರಾತ್ರಿ ಯಾರೋ ಡಾಂಬರು ಸುರಿದು ಹೋದ ಗುಡ್ಡೆಗಳು ಬೆನ್ನುಮೂಳೆ ಮುರಿಯುತ್ತವೆಯೇ ಹೊರತು ವೇಗವನ್ನು ಹದಕ್ಕೆ ತರುವುದಿಲ್ಲ. ಅವುಗಳನ್ನು ತಪ್ಪಿಸಲು ಬೈಕುಗಳು ಅಂಚಿಗೆ ಬರುತ್ತವೆ, ಅಂಚಿನಲ್ಲಿ ಮಕ್ಕಳಿರುತ್ತಾರೆ.

ನಾಲ್ಕು ಪಥದ ರಸ್ತೆಗೆ ಬರೀ ಜೀಬ್ರಾ ಪಟ್ಟಿ ಬಳಿಸುವುದು ಅಪಾಯಕ್ಕೆ ಆಹ್ವಾನ. ಮೊದಲ ಪಥದ ಬಸ್ಸು ಮರ್ಯಾದೆಯಿಂದ ನಿಲ್ಲುತ್ತದೆ. ಮಗು ಅದನ್ನು ನಂಬಿ ಮುಂದೆ ಹೆಜ್ಜೆ ಇಡುತ್ತದೆ. ಎರಡನೇ ಪಥದವನಿಗೆ ಬಸ್ಸು ಕಾಣುತ್ತದೆ, ಅದರ ಮುಂದಿರುವ ಮಗು ಕಾಣುವುದಿಲ್ಲ. ಅಲ್ಲಿ ಸಿಗ್ನಲ್ ಬೇಕು, ಇಲ್ಲವೇ ನಡುವೆ ನಿಲ್ಲಲು ದ್ವೀಪ ಇರಬೇಕು ಮತ್ತು ಪಥಗಳ ಸಂಖ್ಯೆಯೇ ಕಡಿಮೆಯಾಗಬೇಕು.

ಇಬ್ಬರು ಮಕ್ಕಳ ಅಪ್ಪ

ಲೆಕ್ಕವೆಲ್ಲ ಸರಿ ಸಾರ್. ಆದರೆ ರಸ್ತೆ ಕಿರಿದಾಗಿಸಲು ಯಾವ ಆಡಳಿತ ಒಪ್ಪುತ್ತದೆ? ವರ್ಷಗಟ್ಟಲೆ ಕಡತ ಓಡಾಡುತ್ತದೆ, ಅಷ್ಟರಲ್ಲಿ ನಮ್ಮ ಮಕ್ಕಳು ಕಾಲೇಜಿಗೆ ಸೇರಿರುತ್ತಾರೆ. ಮೇಲ್ಸೇತುವೆಯಾದರೆ ವಾಹನಕ್ಕೂ ತೊಂದರೆಯಿಲ್ಲ, ಮಕ್ಕಳಿಗೂ ತೊಂದರೆಯಿಲ್ಲ, ಉದ್ಘಾಟನೆಗೆ ಬರುವವರಿಗೂ ಸಂತೋಷ. ಅದನ್ನೇ ಗಟ್ಟಿಯಾಗಿ ಕೇಳಿ.

ನಾನಂತೂ ಸದ್ಯಕ್ಕೆ ಕಾರಿನಲ್ಲೇ ಬಿಟ್ಟುಬರುತ್ತೇನೆ. ಏಳು ವರ್ಷದ ಮಗುವನ್ನು ಆ ರಸ್ತೆಗೆ ಒಂಟಿಯಾಗಿ ಇಳಿಸುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು.

ನಕ್ಷೆಪ್ರಿಯ

ಮೇಲ್ಸೇತುವೆಯ ಲೆಕ್ಕವನ್ನೂ ಹಾಕಿಬಿಡೋಣ. ಲಾರಿ, ಬಸ್ಸು ಅಡಿಯಲ್ಲಿ ಹಾಯಬೇಕಾದರೆ ಸುಮಾರು 5.5 ಮೀಟರ್ ಎತ್ತರ ಬೇಕು. ಮೆಟ್ಟಿಲೊಂದಕ್ಕೆ 15 ಸೆಂ.ಮೀ. ಎಂದರೆ 37 ಮೆಟ್ಟಿಲು ಹತ್ತಬೇಕು, ಅಷ್ಟೇ ಇಳಿಯಬೇಕು, ಬೆನ್ನ ಮೇಲೆ ಪುಸ್ತಕದ ಚೀಲ. ಇಳಿಜಾರು ಮಾಡಿಸುತ್ತೇವೆ ಎಂದರೆ 12ಕ್ಕೆ 1ರ ಪ್ರಮಾಣದಲ್ಲಿ ಒಂದು ಬದಿಗೇ 66 ಮೀಟರ್. ನಡುನಡುವೆ ನಿಲ್ಲುವ ಸಮತಟ್ಟು ಸೇರಿಸಿದರೆ ಇನ್ನೂ ಉದ್ದ. 14 ಮೀಟರ್ ರಸ್ತೆ ದಾಟಲು ಇಷ್ಟು ಸುತ್ತಾಟ. ದೊಡ್ಡವರೇ ಅಡಿಯಿಂದ ಓಡಿ ದಾಟುತ್ತಾರೆ, ಮಕ್ಕಳು ನೋಡಿ ಕಲಿಯುತ್ತಾರೆ. ಹತ್ತಾರು ಪಥದ ಹೆದ್ದಾರಿಯೋ ರೈಲು ಹಳಿಯೋ ಇದ್ದರೆ ಸೇತುವೆ ಅನಿವಾರ್ಯ, ಒಪ್ಪುತ್ತೇನೆ. ಇಲ್ಲಿ ಹಾಗಿಲ್ಲ.

ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ವಿಷಯ. ‘ಬಹುಪಾಲು ಮಕ್ಕಳು ಹಿಂದಿನ ಬಡಾವಣೆಯವರು’ ಎಂದಿದ್ದೀರಿ. ಹಾಗಿದ್ದ ಮೇಲೆ ಅವರು ಮುಖ್ಯರಸ್ತೆಗೆ ಬರುವುದಾದರೂ ಏಕೆ? ಗೇಟು ಅಲ್ಲಿರುವುದರಿಂದ ತಾನೇ?

ಒಂದು ಕೆಲಸ ಮಾಡಿ. ಬಡಾವಣೆಯ ನಕ್ಷೆಯ ಮೇಲೆ ಶಾಲೆಯನ್ನು ಕೇಂದ್ರವಾಗಿಟ್ಟು 800 ಮೀಟರಿನ ವೃತ್ತ ಎಳೆಯಿರಿ. ಹತ್ತು–ಹನ್ನೆರಡು ನಿಮಿಷದ ನಡಿಗೆ. ಬಳಿಕ ಅದೇ ನಕ್ಷೆಯಲ್ಲಿ, ಈಗಿರುವ ಗೇಟಿನಿಂದ ಹೊರಟು ರಸ್ತೆಗುಂಟ 800 ಮೀಟರ್ ನಡೆದರೆ ಎಲ್ಲೆಲ್ಲಿಗೆ ತಲುಪಬಹುದು ಎಂದು ಗುರುತು ಹಾಕಿ, ಆ ಚುಕ್ಕೆಗಳನ್ನು ಸೇರಿಸಿ. ಎರಡನೇ ಆಕೃತಿ ಮೊದಲನೆಯದಕ್ಕಿಂತ ತೀರ ಚಿಕ್ಕದಾಗಿ, ಒಂದೇ ಕಡೆಗೆ ವಾಲಿಕೊಂಡಿರುತ್ತದೆ. ಈಗ ಹಿಂಗೋಡೆಯಲ್ಲಿ ಒಂದು ಗೇಟು ಇದೆಯೆಂದು ಊಹಿಸಿಕೊಂಡು ಮತ್ತೊಮ್ಮೆ ಎಳೆಯಿರಿ. ಗೋಡೆಗೆ ಆನಿಕೊಂಡ ಮನೆಯ ಹುಡುಗಿ ಇವತ್ತು ಬಡಾವಣೆಯನ್ನೆಲ್ಲ ಸುತ್ತಿ, ಮುಖ್ಯರಸ್ತೆಯ ಅಂಚಿನಲ್ಲಿ ನಡೆದು, ವ್ಯಾನುಗಳ ನಡುವೆ ತೂರಿ ತರಗತಿಗೆ ಬರುತ್ತಾಳೆ. ಅವಳ ಕೋಣೆಯ ಕಿಟಕಿಯಿಂದ ಆ ತರಗತಿ ಕಾಣುತ್ತಿರಬಹುದು.

ನಡಿಗೆ ದಾರಿಯ ಮಟ್ಟಿಗೆ ಒಂದು ಗೇಟಿನಷ್ಟು ಅಗ್ಗವಾದ ಸುಧಾರಣೆ ಬೇರೊಂದಿಲ್ಲ.

ಸಮಿತಿಯವಳು

ಹಿಂಬದಿ ಗೇಟು! ಸಮಿತಿಯಲ್ಲಿ ಒಮ್ಮೆ ಮಾತು ಬಂದಿತ್ತು. ‘ಭದ್ರತೆ’ ಎಂಬ ಒಂದೇ ಉತ್ತರಕ್ಕೆ ಅದು ಅಲ್ಲೇ ಮುಗಿಯಿತು. ಯಾರಾದರೂ ಇದನ್ನು ನಡೆಸಿ ನೋಡಿದವರಿದ್ದೀರಾ?

ನಿವೃತ್ತ ಮುಖ್ಯೋಪಾಧ್ಯಾಯ

ನಡೆಸಿದ್ದೇನೆ. ಗೇಟು ಇದ್ದ ಮಾತ್ರಕ್ಕೆ ದಿನವಿಡೀ ತೆರೆದಿರಬೇಕೆಂದೇನೂ ಇಲ್ಲ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಸಿಬ್ಬಂದಿಯೊಬ್ಬರು ಅಲ್ಲಿ ನಿಂತಿರುತ್ತಾರೆ, ಉಳಿದ ಹೊತ್ತು ಬೀಗ. ಬೀಗದ ಕೈ ಯಾರ ಬಳಿ, ಅವರು ರಜೆ ಹಾಕಿದ ದಿನ ಯಾರ ಬಳಿ ಎಂಬುದು ಲಿಖಿತವಾಗಿರಬೇಕು. ತಕರಾರು ಹುಟ್ಟುವುದೆಲ್ಲ ಇಂಥ ಸಣ್ಣ ವಿಷಯದಲ್ಲಿ.

ಆಡಳಿತ ಮಂಡಳಿ ‘ಭದ್ರತೆ’ ಎಂದಾಗ ಅವರ ಮನಸ್ಸಿನಲ್ಲಿರುವುದು ಹೊರಗಿನವರು ಒಳಬರುವ ಭಯ. ಅದು ಸುಳ್ಳಲ್ಲ. ಆದರೆ ಮುಂದಿನ ಗೇಟಿನಲ್ಲಿ ಜಂಗುಳಿ ಇರುವಾಗ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂದು ಕಾವಲುಗಾರನಿಗೂ ತಿಳಿಯುವುದಿಲ್ಲ. ಎರಡು ಗೇಟಿಗೆ ಹಂಚಿಹೋದ ಜನ ಕಣ್ಣಳತೆಯಲ್ಲಿರುತ್ತಾರೆ. ನಾನು ಮಂಡಳಿಯ ಮುಂದಿಟ್ಟ ವಾದ ಇದು, ಇದರಿಂದಲೇ ಅವರು ಒಪ್ಪಿದರು.

ಹಿಂಬದಿಯ ಮನೆಯವರನ್ನು ಮೊದಲೇ ಮಾತನಾಡಿಸಿ. ಅವರ ಬೀದಿಯಲ್ಲಿ ಕಾರುಗಳು ಬಂದು ನಿಲ್ಲತೊಡಗಿದರೆ ಗೇಟು ತಿಂಗಳೊಪ್ಪತ್ತಿನಲ್ಲಿ ಮುಚ್ಚಿಹೋಗುತ್ತದೆ. ಆ ಗೇಟು ನಡೆದು ಬರುವವರಿಗೆ ಮಾತ್ರ ಎಂದು ಮೊದಲ ದಿನವೇ ಖಚಿತಪಡಿಸಿ, ಗೂಟ ಹೂಳಿ.

ಮೂರನೇ ತರಗತಿ ಮೇಡಂ

ನಕ್ಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನಕ್ಷೆಯನ್ನು ದೊಡ್ಡವರೇ ಎಳೆದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ತರಗತಿಯಲ್ಲಿ ಮಕ್ಕಳಿಗೆ ಹಾಳೆ ಕೊಟ್ಟು, ಮನೆಯಿಂದ ಶಾಲೆಯವರೆಗಿನ ದಾರಿ ಬರೆಯಿರಿ, ಹೆದರಿಕೆಯಾಗುವಲ್ಲಿ ಕೆಂಪು, ಇಷ್ಟವಾಗುವಲ್ಲಿ ಹಸಿರು ಬಳಿಯಿರಿ ಎಂದಿದ್ದೆ.

ದೊಡ್ಡ ರಸ್ತೆಗೆ ಕೆಂಪು ಬೀಳುತ್ತದೆಂದು ಗೊತ್ತಿತ್ತು, ಬಿತ್ತು. ಗೊತ್ತಿಲ್ಲದೇ ಇದ್ದದ್ದು ಉಳಿದ ಕೆಂಪುಗಳು. ಒಂದು ಚರಂಡಿಯ ಚಪ್ಪಡಿ, ಕಾಲಿಟ್ಟರೆ ‘ಡಬ್’ ಎಂದು ಅಲುಗಾಡುವಂಥದ್ದು. ಅದನ್ನು ತಪ್ಪಿಸಲು ಮಕ್ಕಳು ಆ ಜಾಗದಲ್ಲಿ ರಸ್ತೆಗೆ ಇಳಿಯುತ್ತಾರೆ. ಒಂದು ಮನೆಯ ಇಳಿಜಾರು ದಾರಿ. ಅಲ್ಲಿಂದ ಕಾರು ಹಿಂದೆ ನೋಡದೆ ಹೊರಬರುತ್ತದೆ. ಎರಡು ಎತ್ತರದ ಗೋಡೆಗಳ ನಡುವಿನ ಓಣಿ. ಹತ್ತಿರದ ದಾರಿಯೇನೋ ಹೌದು, ಆದರೆ ಕಿಟಕಿಯಿಲ್ಲ, ದೀಪವಿಲ್ಲ, ಕೂಗಿದರೆ ಕೇಳುವವರಿಲ್ಲ. ಹುಡುಗಿಯರೆಲ್ಲ ಅದಕ್ಕೆ ಕೆಂಪು ಬಳಿದಿದ್ದರು, ಹುಡುಗರಲ್ಲಿ ಒಬ್ಬನೂ ಬಳಿದಿರಲಿಲ್ಲ.

ಆಮೇಲೆ ಆ ದಾರಿಯಲ್ಲಿ ನಾನೇ ಹೋಗಿ, ದಾಟುವ ಜಾಗದಲ್ಲಿ ಮಂಡಿಯೂರಿ ಕುಳಿತು ನೋಡಿದೆ. ಆರು ವರ್ಷದ ಮಗುವಿನ ಎತ್ತರ ಸುಮಾರು 115 ಸೆಂ.ಮೀ. ಅಷ್ಟು ಕೆಳಗಿನಿಂದ ನೋಡಿದರೆ ನಿಲ್ಲಿಸಿದ ಕಾರಿನ ಬಾನೆಟ್ ಒಂದು ಗೋಡೆ. ಬರುವ ವಾಹನ ನನಗೆ ಕಾಣಲಿಲ್ಲ, ಬರುವವರಿಗೆ ನಾನು ಕಾಣಲಿಲ್ಲ. ಕತ್ತು ಮುಂದೆ ಚಾಚಬೇಕು; ಕತ್ತು ಚಾಚಲು ರಸ್ತೆಗೇ ಕಾಲಿಡಬೇಕು. ‘ಎಡಕ್ಕೆ ನೋಡು, ಬಲಕ್ಕೆ ನೋಡು’ ಎಂದು ನಾವು ಬಾಯಿಪಾಠ ಮಾಡಿಸುತ್ತೇವಲ್ಲ, ಅಲ್ಲಿ ನೋಡಲು ಇರುವುದು ಬಾಗಿಲಿನ ತಗಡು ಮಾತ್ರ.

ರಸ್ತೆ ಕೆಲಸದವನು

ಮೇಡಂ ಹೇಳಿದ ಕೊನೆಯ ವಿಷಯಕ್ಕೆ ಪರಿಹಾರ ಸುಲಭ. ದಾಟುವ ಜಾಗಕ್ಕೆ ಮುಂಚಿನ ಐದಾರು ಮೀಟರಿನಲ್ಲಿ ವಾಹನ ನಿಲ್ಲಿಸಲು ಬಿಡಬಾರದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ಕಾನೂನು ಬಂದು, 2025ರಿಂದ ದಾಟುಪಟ್ಟಿಗೆ 20 ಅಡಿಯೊಳಗೆ ನಿಲ್ಲಿಸಿದವರಿಗೆ ದಂಡ ಬೀಳುತ್ತಿದೆ. ಆದರೆ ಪೊಲೀಸರು ಬಂದು ಕಾಯಬೇಕಾದ ಪರಿಹಾರ ಅರೆ ಪರಿಹಾರ. ಆ ಜಾಗಕ್ಕೆ ಫುಟ್‌ಪಾತನ್ನೇ ಹಿಗ್ಗಿಸಿಬಿಡಿ: ಕಾರು ನಿಲ್ಲಲು ಸಾಧ್ಯವಿಲ್ಲ, ಮಗು ಕಾರುಗಳ ಸಾಲಿಗಿಂತ ಮುಂದೆ ಬಂದು ನಿಂತು ನೋಡಬಹುದು, ದಾಟುವ ದೂರವೂ ಎರಡು ಬದಿಯಿಂದ ಎರಡೆರಡು ಮೀಟರ್ ಕಡಿಮೆಯಾಗುತ್ತದೆ. ಕಾಂಕ್ರೀಟಿಗೆ ಹಣ ಬರುವವರೆಗೆ ಬಣ್ಣ ಮತ್ತು ನೆಟ್ಟ ಕಂಬಗಳಿಂದಲೂ ಇದನ್ನು ಮಾಡಬಹುದು. ‘ವರ್ಷಗಟ್ಟಲೆ ಕಡತ ಓಡಾಡುತ್ತದೆ’ ಎಂದವರಿಗೆ ನನ್ನ ಉತ್ತರ ಇದೇ. ತಾತ್ಕಾಲಿಕವಾಗಿ ಹಾಕಿ, ಅಳೆಯಿರಿ, ಸರಿಯೆನಿಸಿದರೆ ಗಟ್ಟಿ ಮಾಡಿ.

ಇಬ್ಬರು ಮಕ್ಕಳ ಅಪ್ಪ

ಹಿಂಬದಿ ಗೇಟಿನ ವಿಷಯದಲ್ಲಿ ನನ್ನ ತಕರಾರಿಲ್ಲ, ಒಳ್ಳೆಯ ಉಪಾಯ. ಆದರೆ ರಸ್ತೆ ಸುರಕ್ಷತೆಯ ಪಾಠವನ್ನು ನೀವೆಲ್ಲ ಇಷ್ಟು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಮಕ್ಕಳಿಗೆ ಶಿಸ್ತು ಬೇಡವೇ? ರಸ್ತೆಯಲ್ಲಿ ಆಟವಾಡುತ್ತಾ ಹೋಗುವ ಮಕ್ಕಳನ್ನು ದಿನವೂ ನೋಡುತ್ತೇನೆ.

ಮೂರನೇ ತರಗತಿ ಮೇಡಂ

ಪಾಠ ಬೇಕು, ನಾನೇ ಮಾಡುತ್ತೇನೆ. ಅದರ ಮಿತಿಯನ್ನೂ ದಿನವೂ ಕಾಣುತ್ತೇನೆ. ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಮತ್ತು ಮಿದುಳು ವಾಹನದ ವೇಗವನ್ನು ಅಳೆಯುವಷ್ಟು ಬೆಳೆದಿರುವುದಿಲ್ಲ. ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನ ತಮ್ಮತ್ತ ಬರುತ್ತಿದೆ ಎಂಬುದನ್ನೇ ಈ ವಯಸ್ಸಿನ ಮಕ್ಕಳು ನೆಚ್ಚಬಹುದಾದಷ್ಟು ಸರಿಯಾಗಿ ಗುರುತಿಸಲಾರರು ಎಂದು ಕಂಡುಬಂದಿತ್ತು. ಇದು ಅಶಿಸ್ತಲ್ಲ, ವಯಸ್ಸು. ಎಂಟು ವರ್ಷದ ಮಗು ಎಂಟು ವರ್ಷದ ಮಗುವಿನಂತೆಯೇ ನಡೆಯುತ್ತದೆ: ಗೆಳತಿ ಕೂಗಿದರೆ ತಿರುಗಿ ಓಡುತ್ತದೆ, ಬಿದ್ದ ಪೆನ್ಸಿಲನ್ನು ಬಗ್ಗಿ ಎತ್ತಿಕೊಳ್ಳುತ್ತದೆ. ಅಷ್ಟಕ್ಕೇ ಪ್ರಾಣ ಹೋಗುವಂತಿರಬಾರದು, ಅಷ್ಟೇ ನನ್ನ ವಾದ.

ಹಳೇ ಕಡತ

ಚರ್ಚೆ ಹೋಗುತ್ತಿರುವ ದಿಕ್ಕು ನೋಡಿ ಸಂತೋಷವಾಯಿತು. ಈ ಜಗಳ ಹೊಸದಲ್ಲ ಎಂದು ತೋರಿಸಲು ಸ್ವಲ್ಪ ಇತಿಹಾಸ.

ನೆದರ್ಲೆಂಡ್ಸ್ ಎಂದರೆ ಈಗ ಸೈಕಲ್ ತುಳಿಯುವ ಮಕ್ಕಳ ಚಿತ್ರ ಕಣ್ಣಿಗೆ ಬರುತ್ತದೆ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಚಳವಳಿ ಹುಟ್ಟಿತು, ತಂದೆತಾಯಂದಿರು ಬೀದಿಗಳನ್ನು ಅಡ್ಡಗಟ್ಟಿದರು. ಈಗ ಕಾಣುವ ರಸ್ತೆಗಳು ಆ ಒತ್ತಡದಿಂದ ಬಂದವು. ಡೆನ್ಮಾರ್ಕಿನ ಒಡೆನ್ಸೆ ನಗರ ಶಾಲಾ ದಾರಿಗಳ ಕಾರ್ಯಕ್ರಮ ಆರಂಭಿಸಿದ್ದೂ ಆ ದಶಕದಲ್ಲೇ. ಮೇಡಂ ಮಾಡಿದಂತೆ ಅಲ್ಲಿಯೂ ಎಲ್ಲೆಲ್ಲಿ ಭಯವಾಗುತ್ತದೆ ಎಂದು ಮಕ್ಕಳನ್ನೇ ಕೇಳಿ, ಆ ಜಾಗಗಳನ್ನು ಸರಿಪಡಿಸಿದರು.

ಉಲ್ಟಾ ದಿಕ್ಕಿನ ಕಥೆಯೂ ಇದೆ. 1971ರಲ್ಲಿ ಇಂಗ್ಲೆಂಡಿನ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಶೇ. 9. ಅಮೆರಿಕದಲ್ಲಿ 1969ರಲ್ಲಿ ಎಂಟನೇ ತರಗತಿಯವರೆಗಿನ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ನಡೆದೋ ಸೈಕಲ್ ಮೇಲೋ ಹೋಗುತ್ತಿದ್ದರು; 2009ರ ಹೊತ್ತಿಗೆ ಅದು ಶೇ. 13ಕ್ಕೆ ಇಳಿಯಿತು. ರಸ್ತೆ ಅಪಾಯಕಾರಿ ಎಂದು ಕಾರಿನಲ್ಲಿ ಬಿಡುತ್ತೇವೆ, ಬಿಡಲು ಬಂದ ಕಾರುಗಳಿಂದ ರಸ್ತೆ ಇನ್ನಷ್ಟು ಅಪಾಯಕಾರಿಯಾಗುತ್ತದೆ. ಇಬ್ಬರು ಮಕ್ಕಳ ಅಪ್ಪ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಸ್ಥಾನದಲ್ಲಿ ನಾನಿದ್ದರೂ ಕಾರನ್ನೇ ತೆಗೆಯುತ್ತಿದ್ದೆ. ಗೇಟಿನ ಮುಂದಿನ ಜಂಗುಳಿ ಅಂಥ ಪ್ರೀತಿಯ ಮೊತ್ತ, ಅಷ್ಟೇ.

ಸಮಿತಿಗೆ ಹೆಚ್ಚು ಉಪಯೋಗಕ್ಕೆ ಬರಬಹುದಾದದ್ದು ಜಪಾನಿನ ಕ್ರಮ. ಅಲ್ಲಿ ಪ್ರತಿ ಶಾಲೆಗೂ ನಿಗದಿಯಾದ ‘ಶಾಲಾ ದಾರಿ’ಗಳಿರುತ್ತವೆ, ಅನೇಕ ಕಡೆ ದೊಡ್ಡ ಮಕ್ಕಳು ಚಿಕ್ಕವರನ್ನು ಕರೆದುಕೊಂಡು ಗುಂಪಾಗಿ ನಡೆಯುತ್ತಾರೆ. ಆದರೂ ದುರಂತಗಳು ತಪ್ಪಿಲ್ಲ. 2012ರಲ್ಲಿ ಕಮೆಒಕದಲ್ಲಿ, 2021ರಲ್ಲಿ ಯಾಚಿಮಾತಾದಲ್ಲಿ ವಾಹನಗಳು ಮಕ್ಕಳ ಸಾಲಿನ ಮೇಲೆಯೇ ನುಗ್ಗಿದವು. ಎರಡು ಸಲವೂ ದೇಶದಾದ್ಯಂತ ಶಾಲಾ ದಾರಿಗಳ ತುರ್ತು ತಪಾಸಣೆ ನಡೆಯಿತು. ಗಮನಿಸಬೇಕಾದದ್ದು ತಪಾಸಣೆಯ ರೀತಿ: ಶಾಲೆ, ರಸ್ತೆ ನಿರ್ವಹಿಸುವ ಇಲಾಖೆ, ಪೊಲೀಸರು ಮೂವರೂ ಜೊತೆಯಾಗಿ ದಾರಿಯನ್ನು ನಡೆದು ನೋಡಬೇಕು. ಬೇರೆಬೇರೆಯಾಗಿ ಹೋದರೆ ಶಾಲೆಯವರು ರಸ್ತೆ ನಮ್ಮದಲ್ಲ ಎನ್ನುತ್ತಾರೆ, ಇಲಾಖೆಯವರು ವೇಗ ಪೊಲೀಸರದ್ದು ಎನ್ನುತ್ತಾರೆ, ಪೊಲೀಸರು ವಿನ್ಯಾಸ ಇಲಾಖೆಯದ್ದು ಎನ್ನುತ್ತಾರೆ. ಒಂದೇ ಜಾಗದಲ್ಲಿ ಮೂವರೂ ನಿಂತಾಗ ಬೆರಳು ತೋರಿಸಲು ಯಾರೂ ಉಳಿಯುವುದಿಲ್ಲ.

ಗಾಲಿಕುರ್ಚಿಯ ಅಮ್ಮ

ಚರ್ಚೆಯನ್ನು ಮೊದಲಿನಿಂದ ಓದಿದೆ. ನನ್ನ ಮಗ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾನೆ, ನೂಕುವವಳು ನಾನು. ಎಲ್ಲರೂ ದಾಟುವುದರ ಬಗ್ಗೆಯೇ ಮಾತನಾಡುತ್ತಿದ್ದೀರಿ. ದಾಟುವ ಜಾಗಕ್ಕೆ ಬಂದು ಸೇರುವುದೇ ನಮಗೆ ಅರ್ಧ ಯುದ್ಧ.

ಫುಟ್‌ಪಾತ್ ‘ಇದೆ’ ಎಂದು ಯಾವ ನಕ್ಷೆಯೂ ತೋರಿಸುತ್ತದೆ. ಅದರ ನಡುವೆ ವಿದ್ಯುತ್ ಪೆಟ್ಟಿಗೆ ಇದೆ ಎಂದು ತೋರಿಸುವುದಿಲ್ಲ. ಪ್ರತಿ ಮನೆಯ ಮುಂದೆಯೂ ಕಾರು ಹತ್ತಲೆಂದು ಫುಟ್‌ಪಾತನ್ನು ಕಡಿದು ಇಳಿಜಾರು ಮಾಡಿರುತ್ತಾರೆ, ಕುರ್ಚಿ ರಸ್ತೆಯ ಕಡೆಗೆ ವಾಲುತ್ತದೆ, ಒಂದು ಕೈಯಲ್ಲಿ ತಡೆದು ಹಿಡಿದುಕೊಂಡೇ ನೂಕಬೇಕು. ಬೀದಿ ಕೊನೆಯಲ್ಲಿ ಗೇಣುದ್ದ ಎತ್ತರದ ಅಂಚು. ಅಲ್ಲಿ ನಾನು ಕುರ್ಚಿಯನ್ನು ತಿರುಗಿಸಿ, ಹಿಂಬದಿಯ ಚಕ್ರಗಳನ್ನು ಮೊದಲು ಇಳಿಸಿ, ರಸ್ತೆಗೆ ಬೆನ್ನು ಹಾಕಿಕೊಂಡೇ ಕೆಳಗೆ ಬರುತ್ತೇನೆ. ಆ ಕ್ಷಣದಲ್ಲಿ ಹಿಂದಿನಿಂದ ಏನು ಬರುತ್ತಿದೆ ಎಂದು ನನಗೆ ಕಾಣುವುದಿಲ್ಲ.

ಮನವಿಯಲ್ಲಿ ಹೀಗೆ ಬರೆಯಿರಿ: ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಅಂದರೆ ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಹಾಯುವಷ್ಟು. ಅಡ್ಡಬೀದಿ ಬಂದಾಗ ಫುಟ್‌ಪಾತ್ ಅದೇ ಮಟ್ಟದಲ್ಲಿ ಮುಂದುವರಿಯಲಿ, ಹತ್ತಿ ಇಳಿಯಬೇಕಾದದ್ದು ಕಾರು. ಇದು ನನ್ನ ಮಗನೊಬ್ಬನಿಗಲ್ಲ. ತಮ್ಮನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಕ್ಕನನ್ನು ಬಿಡಲು ಬರುವ ತಾಯಂದಿರು ಎಷ್ಟು ಜನ ರಸ್ತೆಯಲ್ಲೇ ನಡೆಯುತ್ತಿದ್ದಾರೆ, ನೋಡಿ.

ನಕ್ಷೆಪ್ರಿಯ

ಇದನ್ನು ನಾನು ನಕ್ಷೆಯಲ್ಲಿ ಎಂದೂ ಕಾಣಲಾರೆ, ಬರೆದದ್ದಕ್ಕೆ ಧನ್ಯವಾದ. ಸಮಿತಿಯವರು ತಪಾಸಣೆಯ ನಡಿಗೆಗೆ ಇವರನ್ನು ಕರೆಯಲೇಬೇಕು. ಗಾಲಿಕುರ್ಚಿ ಎಲ್ಲಿ ನಿಲ್ಲುತ್ತದೋ ಅಲ್ಲಿ ದಾರಿ ಮುಗಿಯಿತೆಂದೇ ಲೆಕ್ಕ ಹಿಡಿಯಿರಿ. ದಾರಿಯ ಉಳಿದ ಭಾಗ ಎಷ್ಟೇ ಚೆನ್ನಾಗಿದ್ದರೂ, ಕೆಟ್ಟ ಒಂದು ತುಣುಕಿಗಾಗಿಯೇ ಪೋಷಕರು ಕಾರು ತೆಗೆಯುತ್ತಾರೆ.

ಸಮಿತಿಯವಳು

ಇಷ್ಟು ಓದಿದ ಮೇಲೆ ಕರಡನ್ನು ಹರಿದುಹಾಕಿ ಹೊಸದಾಗಿ ಬರೆಯುತ್ತಿದ್ದೇನೆ. ಎರಡು ಅನುಮಾನಗಳು ಉಳಿದಿವೆ. ಒಂದು, ರಸ್ತೆಯಾಚೆಯ ಬಡಾವಣೆಯ ಮಕ್ಕಳಿಗೆ ಹಿಂಬದಿ ಗೇಟಿನಿಂದ ಏನೂ ಪ್ರಯೋಜನವಿಲ್ಲ. ಅವರಿಗೆ ಸಿಗ್ನಲ್ ಕೇಳಬೇಕೇ? ಎರಡು, ಬೆಳಗಿನ ಹೊತ್ತಿನಲ್ಲಿ ಶಾಲೆಯ ಬೀದಿಗೆ ವಾಹನವನ್ನೇ ಬಿಡಬಾರದು ಎಂದು ಕೆಲವು ಪೋಷಕರು ಹೇಳುತ್ತಿದ್ದಾರೆ, ಅದು ಆಗುವ ಮಾತೇ?

ರಸ್ತೆ ಕೆಲಸದವನು

ಸಿಗ್ನಲ್ ಕೇಳಿ, ಜೊತೆಗೆ ಅದರ ಸಮಯವನ್ನೂ ಕೇಳಿ. ಪಾದಚಾರಿಯ ವೇಗ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿದು ಹಸಿರು ದೀಪ ಲೆಕ್ಕ ಹಾಕುವುದು ರೂಢಿ. 14 ಮೀಟರಿಗೆ 12 ಸೆಕೆಂಡು ಸಾಕಾಯಿತು. ಚಿಕ್ಕ ಮಕ್ಕಳ ಗುಂಪಿಗೆ 0.9 ಮೀಟರ್ ಹಿಡಿದರೆ ಹತ್ತಿರ ಹತ್ತಿರ 16 ಸೆಕೆಂಡು ಬೇಕು. ಈ ನಾಲ್ಕು ಸೆಕೆಂಡಿಲ್ಲದೆ ಮಗು ಕೊನೆಯ ಪಥದಲ್ಲಿರುವಾಗಲೇ ವಾಹನಗಳು ಹೊರಡುತ್ತವೆ. ತಿರುಗುವ ವಾಹನಗಳಿಗೆ ಹಸಿರು ಕೊಡುವ ಮೊದಲೇ ಪಾದಚಾರಿಗಳಿಗೆ ಐದಾರು ಸೆಕೆಂಡು ಮುಂಗಡ ಹಸಿರು ಕೊಡುವ ಪದ್ಧತಿಯೂ ಇದೆ. ಮಕ್ಕಳು ಆಗಲೇ ರಸ್ತೆ ಮಧ್ಯೆ ಇರುವುದರಿಂದ ತಿರುಗುವವನಿಗೆ ಎದ್ದು ಕಾಣುತ್ತಾರೆ. ಗುಂಡಿ ಒತ್ತಿದ ಮೇಲೆ ಬಹಳ ಹೊತ್ತು ಕಾಯಿಸುವ ಸಿಗ್ನಲ್ ಬೇಡವೇ ಬೇಡ. ದೊಡ್ಡವರೇ ಕಾಯುವುದಿಲ್ಲ.

ನಾಲ್ಕು ಪಥವನ್ನು ಎರಡಕ್ಕೆ ಇಳಿಸುವ ಮಾತನ್ನು ನಾನು ಬಿಟ್ಟಿಲ್ಲ, ಕೇಳುತ್ತಲೇ ಇರಿ.

ಹಳೇ ಕಡತ

ಎರಡನೇ ಪ್ರಶ್ನೆಗೆ: ಆಗುವ ಮಾತು. ಇಟಲಿಯ ಬೊಲ್ಜಾನೊ ನಗರದವರು ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಕಾಲು ಗಂಟೆ ಶಾಲೆಯ ಬೀದಿಯನ್ನು ವಾಹನಗಳಿಗೆ ಮುಚ್ಚುವ ಪದ್ಧತಿಯನ್ನು ದಶಕಗಳ ಹಿಂದೆಯೇ ತಂದರು. ಪ್ಯಾರಿಸ್ 2020ರಿಂದೀಚೆಗೆ ಇನ್ನೂರಕ್ಕೂ ಹೆಚ್ಚು ಶಾಲೆಯ ಬೀದಿಗಳನ್ನು ಹೀಗೆ ಬದಲಿಸಿದೆ. ಹಲವು ಕಡೆ ಗಿಡ ನೆಟ್ಟು, ಶಾಶ್ವತವಾಗಿಯೇ ಪಾದಚಾರಿ ಬೀದಿ ಮಾಡಿದ್ದಾರೆ. ಆದರೆ ನಿಮ್ಮ ಗೇಟು ನಾಲ್ಕು ಪಥದ ಮುಖ್ಯರಸ್ತೆಗಿದೆ, ಅದನ್ನು ಮುಚ್ಚಲು ಯಾರೂ ಒಪ್ಪುವುದಿಲ್ಲ. ಹಿಂಬದಿ ಗೇಟು ಬಂದ ಮೇಲೆ ಆ ಬೀದಿಗೆ ಇದು ಹೇಳಿ ಮಾಡಿಸಿದಂತಿರುತ್ತದೆ.

ಶ್ರೀಮಂತ ದೇಶಗಳ ಮಾತು ಎನ್ನುವವರಿಗೆ: ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ‘ಅಮೆಂಡ್’ ಎಂಬ ಸಂಸ್ಥೆ ಮಕ್ಕಳಿಗೆ ಹೆಚ್ಚು ಗಾಯವಾಗುವ ಶಾಲೆಗಳನ್ನು ಆರಿಸಿ, ಉಬ್ಬು, ಫುಟ್‌ಪಾತ್, ದಾಟುಪಟ್ಟಿ, ಬೇರೆ ಕಡೆಗೆ ಸರಿಸಿದ ಗೇಟು ಇಂಥ ಸಾದಾ ಕೆಲಸಗಳನ್ನೇ ಮಾಡಿಸಿತು. ಗಾಯಗಳು ಕಾಲುಭಾಗದಷ್ಟು ಇಳಿದವು. 2019ರಲ್ಲಿ ಆ ಕೆಲಸಕ್ಕೆ ಜಾಗತಿಕ ಪ್ರಶಸ್ತಿಯೂ ಬಂತು. ಗೇಟನ್ನು ಸರಿಸಿದ್ದೂ ಆ ಪಟ್ಟಿಯಲ್ಲಿದೆ ಎಂಬುದನ್ನು ನಕ್ಷೆಪ್ರಿಯರು ಗಮನಿಸಲಿ.

ನಿವೃತ್ತ ಮುಖ್ಯೋಪಾಧ್ಯಾಯ

ಕೆಲಸ ಮುಗಿಯುವವರೆಗೆ ಸುಮ್ಮನೆ ಕೂರಬೇಡಿ. ‘ನಡೆಯುವ ಬಸ್ಸು’ ಆರಂಭಿಸಿ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿ. ನಿಗದಿತ ದಾರಿ, ನಿಗದಿತ ನಿಲ್ದಾಣ, ನಿಗದಿತ ಸಮಯ. ಮುಂದೊಬ್ಬರು, ಹಿಂದೊಬ್ಬರು ಪೋಷಕರು, ನಡುವೆ ಮಕ್ಕಳು. ತಡವಾದವರಿಗೆ ಬಸ್ಸು ಕಾಯುವುದಿಲ್ಲ ಎಂಬ ನಿಯಮ ಮುಖ್ಯ, ಇಲ್ಲದಿದ್ದರೆ ವಾರದಲ್ಲೇ ಎಲ್ಲರೂ ತಡವಾಗುತ್ತಾರೆ. ಇದು ಸೊರಗುವುದು ಒಬ್ಬರೇ ಹುರುಪಿನ ತಾಯಿಯ ಮೇಲೆ ಎಲ್ಲ ಹೊರೆ ಬಿದ್ದಾಗ. ಸರದಿ ಪಟ್ಟಿಯಲ್ಲಿ ಅಪ್ಪಂದಿರ ಹೆಸರೂ ಇರಲಿ.

ಇಬ್ಬರು ಮಕ್ಕಳ ಅಪ್ಪ

ಬಾಣ ನನ್ನ ಕಡೆಗೇ ಬಂತು ಎಂದು ತಿಳಿಯಿತು ಸಾರ್. ಸರದಿಗೆ ನನ್ನ ಹೆಸರು ಬರೆದುಕೊಳ್ಳಿ. ಆದರೆ ನಾನಿರುವುದು ರಸ್ತೆಯಾಚೆಯ ಬಡಾವಣೆಯಲ್ಲೂ ಅಲ್ಲ, ಇನ್ನೂ ಮೂರು ಕಿಲೋಮೀಟರ್ ದೂರ. ಅಲ್ಲಿಂದ ಮಕ್ಕಳು ನಡೆಯಲಾರರು. ನನ್ನಂಥವರು ಗೇಟಿನ ಮುಂದೆ ಬರಬಾರದು ಎಂದರೆ ಎಲ್ಲಿಗೆ ಬರಬೇಕು?

ನಕ್ಷೆಪ್ರಿಯ

ನ್ಯಾಯವಾದ ಪ್ರಶ್ನೆ, ಹೊಸ ಕರಡಿನಲ್ಲಿ ಇದಕ್ಕೂ ಒಂದು ಸಾಲು ಬೇಕು. ಶಾಲೆಯಿಂದ 300–400 ಮೀಟರ್ ದೂರದಲ್ಲಿ ಎರಡೋ ಮೂರೋ ಕಡೆ ಇಳಿಸುವ ಜಾಗ ಗುರುತಿಸಿ. ಒಂದೇ ಕಡೆ ಮಾಡಿದರೆ ಜಂಗುಳಿ ಅಲ್ಲಿಗೆ ಸ್ಥಳಾಂತರವಾಗುತ್ತದೆ, ಅಷ್ಟೇ. ಕಾರು ಹಿಂದಕ್ಕೆ ತೆಗೆಯದೆ ಮುಂದಕ್ಕೇ ಹೊರಟುಹೋಗುವಂತಿರಬೇಕು. ಮಗು ಫುಟ್‌ಪಾತಿನ ಕಡೆಯ ಬಾಗಿಲಿನಿಂದ ಇಳಿಯಬೇಕು, ಅಲ್ಲಿಂದ ಶಾಲೆಯವರೆಗೆ ಮುಖ್ಯರಸ್ತೆ ದಾಟುವ ಪ್ರಮೇಯ ಬರಬಾರದು. ನಡೆಯುವ ಬಸ್ಸಿನ ನಿಲ್ದಾಣವನ್ನೂ ಅಲ್ಲೇ ಇಟ್ಟರೆ ಮಗು ಕಾರಿನಿಂದ ಇಳಿದು ನೇರ ಗುಂಪಿಗೆ ಸೇರುತ್ತದೆ.

ಸಮಿತಿಯವರು ಹಿಂದಿನ ಬಡಾವಣೆಯ ಬೀದಿಗಳ ಒಂದು ಕೈಬರಹದ ನಕ್ಷೆ ಇಲ್ಲಿ ಹಾಕಿದರೆ, ಯಾವ ಜಾಗಗಳು ಇದಕ್ಕೆ ಒಗ್ಗುತ್ತವೆ ಎಂದು ಗುರುತು ಹಾಕಿಕೊಡುತ್ತೇನೆ. ಕಾಂಪೌಂಡಿನ ಆಚೆ ಚರಂಡಿ ಇದೆಯೋ ಇಲ್ಲವೋ ಅದನ್ನೂ ಬರೆಯಿರಿ. ಇದ್ದರೆ ಗೇಟಿನ ಜೊತೆಗೆ ಒಂದು ಗಟ್ಟಿ ಚಪ್ಪಡಿಯನ್ನೂ ಕೇಳಬೇಕಾಗುತ್ತದೆ, ಗಾಲಿಕುರ್ಚಿ ಹಾಯುವಷ್ಟು ಅಗಲದ್ದು.